ಕೈದೀಪದ ಕಿರುಕೋಶ

ಪಶ್ಚಿಮಘಟ್ಟದ ಬುಡದಿಂದ ಅರಬ್ಬೀ ಸಮುದ್ರದ ಅಂಚಿನವರೆಗೆ ಹಬ್ಬಿರುವ ಉಡುಪಿ ಜಿಲ್ಲೆಯಲ್ಲಿ ವರ್ಷವೊಂದಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಆಷಾಢದ ಗಾಳಿಗೆ ಮರದ ಕೊಂಬೆಯೊಂದು ತಂತಿಯ ಮೇಲೆ ಮುರಿದು ಬಿದ್ದರೆ ಸಾಕು, ಊರಿಗೆ ಊರೇ ಕತ್ತಲಾಗುತ್ತದೆ. ಕತ್ತಲೆಂದು ಕೆಲಸ ನಿಲ್ಲುವಂತಿಲ್ಲ. ಕಾರ್ಕಳದ ಕಡೆಯ ರಬ್ಬರು ತೋಟಗಳಲ್ಲಿ ಹಾಲು ಇಳಿಸುವವರು ಸೂರ್ಯೋದಯಕ್ಕೆ ಮುಂಚೆಯೇ ಮರದ ಬುಡವನ್ನು ಸೇರಬೇಕು. ತಂಪು ಹೊತ್ತಿನಲ್ಲಿಯೇ ಹಾಲು ಚೆನ್ನಾಗಿ ಸುರಿಯುವುದು. ಕಾಪುವಿನ ಕಡಲ ತೀರದಲ್ಲಿ ಬಲೆ ಬಿಡಿಸುವವರಿಗೂ, ಬಯಲಾಟ ನೋಡಿ ಗದ್ದೆಯ ಬದುವಿನ ಮೇಲೆ ಮನೆಗೆ ಮರಳುವವರಿಗೂ ಹಾವು ಹಳ್ಳಗಳನ್ನು ತೋರಿಸುವ ಬೆಳಕು ಬೇಕು. ಹಿಂದೆ ಒಣಗಿದ ತೆಂಗಿನ ಗರಿಗಳನ್ನು ಕಟ್ಟಿ ಉರಿಸಿದ ಸೂಟೆಯೇ ಆ ಬೆಳಕಾಗಿತ್ತು. ಈಗ ಅದರ ಸ್ಥಾನಕ್ಕೆ ಹೆಬ್ಬೆರಳಿನಷ್ಟು ದಪ್ಪದ ಕೈದೀಪ ಬಂದಿದೆ.

ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವು ದೂರದ ಹಡಗುಗಳಿಗೆ ದಾರಿ ತೋರಿಸುತ್ತದೆ. ಅದೇ ತಾಲೂಕಿನ ಎಲ್ಲೂರಿನಲ್ಲಿ 1,200 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವನ್ನು ನಿರ್ಮಿಸಲಾಗಿದೆ. ಆದರೂ ಮಳೆಗಾಲದ ರಾತ್ರಿಯಲ್ಲಿ ಮನೆಯ ಅಂಗಳದಿಂದ ಹಟ್ಟಿಯವರೆಗೆ ನಡೆಯುವವನು ನಂಬಬೇಕಾದುದು ತನ್ನ ಕೈಯಲ್ಲಿರುವ ಪುಟ್ಟ ವಿದ್ಯುತ್ಕೋಶವನ್ನೇ.

ನಮ್ಮ ಹಳ್ಳಿಗಳಲ್ಲಿ ಕೈದೀಪವನ್ನೇ 'ಬ್ಯಾಟರಿ' ಎಂದೂ, ಅದರೊಳಗಿನ ಕೋಶವನ್ನು 'ಶೆಲ್ಲು' ಎಂದೂ ಕರೆಯುವುದು ರೂಢಿ. ಹಳೆಯ ಶೆಲ್ಲು ಶುಷ್ಕಕೋಶವಾಗಿತ್ತು. ಅದರೊಳಗಿನ ಸತುವು ಒಮ್ಮೆ ಕರಗಿತೆಂದರೆ ಅದರ ಆಯುಷ್ಯ ಮುಗಿಯಿತು. ಎಸೆದು ಹೊಸದನ್ನು ಕೊಳ್ಳಬೇಕು. ದಿನವೂ ದೀಪ ಹಿಡಿಯಬೇಕಾದ ಕೂಲಿಕಾರನಿಗೆ ಇದು ಸಣ್ಣ ಖರ್ಚಲ್ಲ. ಸಂಚಾಯಕ ಕೋಶದ ಬಗೆ ಬೇರೆ. ಹೊರಗಿನಿಂದ ವಿದ್ಯುತ್ತನ್ನು ಹಾಯಿಸಿದರೆ ಅದರೊಳಗಿನ ರಾಸಾಯನಿಕ ಕ್ರಿಯೆಯು ಹಿಮ್ಮುಖವಾಗಿ ನಡೆದು ಕೋಶವು ಮತ್ತೆ ತುಂಬಿಕೊಳ್ಳುತ್ತದೆ. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ನಿಕ್ಕಲ್–ಕ್ಯಾಡ್ಮಿಯಂ ಕೋಶವನ್ನು ರೂಪಿಸಿದನು. ಮುಂದೆ ಕ್ಯಾಡ್ಮಿಯಂ ಎಂಬ ವಿಷವಸ್ತುವಿಲ್ಲದ ನಿಕ್ಕಲ್–ಮೆಟಲ್ ಹೈಡ್ರೈಡ್ ಕೋಶ ಬಂದಿತು. 1991ರಲ್ಲಿ ಜಪಾನಿನ ಸೋನಿ ಸಂಸ್ಥೆಯು ಲಿಥಿಯಂ–ಅಯಾನ್ ಕೋಶವನ್ನು ಮಾರುಕಟ್ಟೆಗೆ ತಂದಿತು. ಈ ಕೋಶದ ಹಿಂದಿನ ಸಂಶೋಧನೆಗಾಗಿ ಗುಡ್‌ಎನಫ್, ವಿಟಿಂಗ್‌ಹ್ಯಾಮ್ ಮತ್ತು ಯೊಶಿನೊ ಅವರಿಗೆ 2019ರ ನೊಬೆಲ್ ಪಾರಿತೋಷಕ ದೊರೆಯಿತು.

ಲಿಥಿಯಂ ಕೋಶದ ಮೈಮೇಲೆ 10440, 14500, 18650 ಎಂಬಂಥ ಅಂಕಿಗಳು ಕಾಣುತ್ತವೆ. ಇವುಗಳಲ್ಲಿ ಒಗಟೇನೂ ಇಲ್ಲ. ಮೊದಲ ಎರಡು ಅಂಕಿಗಳು ಕೋಶದ ವ್ಯಾಸವನ್ನೂ, ಮುಂದಿನ ಎರಡು ಅದರ ಉದ್ದವನ್ನೂ ಮಿಲಿಮೀಟರುಗಳಲ್ಲಿ ತಿಳಿಸುತ್ತವೆ; ಕೊನೆಯ ಸೊನ್ನೆಯು ಕೋಶವು ಉರುಳೆಯಾಕಾರದ್ದೆಂದು ಸೂಚಿಸುತ್ತದೆ. ಹಾಗಾಗಿ 14500 ಎಂದರೆ 14 ಮಿ.ಮೀ. ದಪ್ಪ, 50 ಮಿ.ಮೀ. ಉದ್ದ. ಇದು ಎಲ್ಲರಿಗೂ ಪರಿಚಿತವಾದ ಪೆನ್ಸಿಲ್ ಶೆಲ್ಲಿನ ಅಳತೆಯೇ ಆಗಿದೆ. 10440 ಎಂಬುದು ಅದಕ್ಕಿಂತಲೂ ಸಣ್ಣದಾದ ಪೆನ್ಸಿಲ್ ಶೆಲ್ಲಿನ ಅಳತೆ. ಅಪಾಯವಿರುವುದೂ ಈ ಹೋಲಿಕೆಯಲ್ಲಿಯೇ. ನಿಕ್ಕಲ್ ಕೋಶದ ವಿಭವ 1.2 ವೋಲ್ಟ್, ಲಿಥಿಯಂ ಕೋಶದ್ದು 3.7 ವೋಲ್ಟ್, ಪೂರ್ತಿ ತುಂಬಿದಾಗ 4.2 ವೋಲ್ಟ್. ಆಕಾರ ಒಂದೇ ಎಂದು ಒಂದರ ಚಾರ್ಜರಿನಲ್ಲಿ ಇನ್ನೊಂದನ್ನು ಇಟ್ಟರೆ ಕೋಶವು ಕಾದು, ಊದಿ, ಬೆಂಕಿ ಹೊತ್ತಿಕೊಳ್ಳಲೂಬಹುದು.

ಅಗ್ಗದ ಚಾರ್ಜರನ್ನು ಹುಡುಕುವವರು ಸಾಮಾನ್ಯವಾಗಿ ಬೆಲೆಯೊಂದನ್ನೇ ವಿಚಾರಿಸುತ್ತಾರೆ. ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೆಂದರೆ ಅದು ಎಷ್ಟು ಪ್ರವಾಹವನ್ನು ಹಾಯಿಸುತ್ತದೆ ಎಂಬುದು. 10440 ಕೋಶದ ಧಾರಣಶಕ್ತಿ ಸುಮಾರು 350 ಮಿಲಿ ಆಂಪಿಯರ್–ಗಂಟೆ. ಅಂಥ ಕೋಶವನ್ನು ಅದರ ಅರ್ಧದಷ್ಟು, ಅಂದರೆ 175 ಮಿಲಿ ಆಂಪಿಯರಿಗೆ ಮೀರದ ಪ್ರವಾಹದಿಂದ ತುಂಬುವುದು ಕ್ಷೇಮ. ಆದರೆ ಪೇಟೆಯಲ್ಲಿ ಹೇರಳವಾಗಿ ಸಿಗುವ ಚಾರ್ಜರುಗಳು ದಪ್ಪ 18650 ಕೋಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದಂಥವು. ಅವು 500 ಅಥವಾ 1,000 ಮಿಲಿ ಆಂಪಿಯರ್ ಪ್ರವಾಹವನ್ನು ನುಗ್ಗಿಸುತ್ತವೆ. ಅಂಗೈಯ ಬೊಗಸೆಗೆ ಕೊಡದಿಂದ ನೀರು ಸುರಿದಂತಾಗುತ್ತದೆ ಈ ಕೆಲಸ. ಅತಿ ಪ್ರವಾಹದಲ್ಲಿ ಲಿಥಿಯಂ ಕೋಶದೊಳಗಿನ ಪದರಗಳಲ್ಲಿ ಸೇರಬೇಕಾದುದು ಸೇರಲಾರದೆ ಲೋಹವಾಗಿ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಕೋಶದ ಶಕ್ತಿ ಕುಂದುತ್ತದೆ, ಕೆಲವೊಮ್ಮೆ ಒಳಗಡೆಯೇ ವಿದ್ಯುತ್ತಿನ ಅಡ್ಡದಾರಿ ಏರ್ಪಡುತ್ತದೆ.

1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಮಣಿಪಾಲವನ್ನು ಕೇಂದ್ರವಾಗಿಸಿಕೊಂಡು ಬೆಳೆದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ 'ಪಿಗ್ಮಿ' ಠೇವಣಿಯನ್ನು ಆರಂಭಿಸಿತ್ತು. ಮನೆಬಾಗಿಲಿಗೆ ಬಂದ ಪ್ರತಿನಿಧಿಯ ಕೈಗೆ ದಿನಕ್ಕೆರಡಾಣೆ ಹಾಕಿದರೂ ಸಾಕು, ಕಾಲಕ್ರಮದಲ್ಲಿ ಅದು ಗಂಟಾಗುತ್ತಿತ್ತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಪಿಗ್ಮಿಯ ನೆನಪು ಕರಾವಳಿಯವರಲ್ಲಿ ಅಳಿದಿಲ್ಲ. ಕಿರುಕೋಶವನ್ನು ತುಂಬಬೇಕಾದುದೂ ಇದೇ ಕ್ರಮದಲ್ಲಿ. ಒಂದು ವ್ಯತ್ಯಾಸವುಂಟು: ಠೇವಣಿಗೆ ಮಿತಿಯಿಲ್ಲ, ಕೋಶಕ್ಕೆ ಇದೆ. ಆದುದರಿಂದ ಒಳ್ಳೆಯ ಚಾರ್ಜರು ನಿಲ್ಲಿಸುವುದನ್ನೂ ಬಲ್ಲದಾಗಿರಬೇಕು. ಲಿಥಿಯಂ ಕೋಶವಾದರೆ ಅದು ಮೊದಲು ಒಂದೇ ಸಮನಾದ ಪ್ರವಾಹವನ್ನು ಹಾಯಿಸಿ, ವಿಭವ 4.2 ವೋಲ್ಟಿಗೆ ಏರಿದೊಡನೆ ಅದನ್ನು ಅಲ್ಲಿಯೇ ಹಿಡಿದಿಟ್ಟು, ಪ್ರವಾಹವು ತಾನಾಗಿ ಇಳಿಯುತ್ತ ಹತ್ತನೆಯ ಒಂದಂಶಕ್ಕೆ ಬಂದಾಗ ಕಡಿದುಹಾಕುತ್ತದೆ.

ಇಷ್ಟೆಲ್ಲ ಚಾತುರ್ಯವಿರುವ ಉಪಕರಣವು ದುಬಾರಿಯಾಗಿರಲೇಬೇಕೆಂದಿಲ್ಲ. ಟಿಪಿ 4056 ಎಂಬ ಕಿರುಬಿಲ್ಲೆಯನ್ನು ಕೂರಿಸಿದ ಅಂಚೆಚೀಟಿಯಷ್ಟಗಲದ ಹಲಗೆಯೊಂದು ಉಡುಪಿಯ ಹೋಟೆಲಿನ ಒಂದು ಊಟಕ್ಕಿಂತ ಕಡಿಮೆ ಬೆಲೆಗೆ ದೊರೆಯುತ್ತದೆ. ಮನೆಮನೆಯಲ್ಲಿರುವ ಮೊಬೈಲ್ ಫೋನಿನ 5 ವೋಲ್ಟ್ ಚಾರ್ಜರಿಗೆ ಅದನ್ನು ಜೋಡಿಸಬಹುದು. ಆದರೆ ಫೋನಿನ ಚಾರ್ಜರನ್ನು ನೇರವಾಗಿ ಕೋಶಕ್ಕೆ ಎಂದಿಗೂ ತಾಗಿಸಬಾರದು. ನಡುವೆ ಈ ಹಲಗೆ ಇರಲೇಬೇಕು. ಕಾರ್ಖಾನೆಯಿಂದ ಬರುವಾಗ ಹಲಗೆಯ ಮೇಲೆ 1,200 ಓಮ್ ರೋಧಕವಿದ್ದು, ಪ್ರವಾಹ 1,000 ಮಿಲಿ ಆಂಪಿಯರ್ ಆಗಿರುತ್ತದೆ. ಆ ರೋಧಕವನ್ನು ತೆಗೆದು 10,000 ಓಮ್‌ನದನ್ನು ಬೆಸೆದರೆ ಪ್ರವಾಹ ಸುಮಾರು 130 ಮಿಲಿ ಆಂಪಿಯರಿಗೆ ಇಳಿಯುತ್ತದೆ. ಆಗ 10440 ಕೋಶವು ಮೂರು ಗಂಟೆಗಿಂತ ತುಸು ಹೆಚ್ಚು ಹೊತ್ತಿನಲ್ಲಿ ತುಂಬುತ್ತದೆ. ಇದು ಎಳೆಯರು ಮನೆಯಲ್ಲಿ ಮಾಡಬೇಕಾದ ಪ್ರಯೋಗವಲ್ಲ. ಮೊಬೈಲ್ ರಿಪೇರಿಯ ಕೆಲಸ ಬಲ್ಲವರಿಗೆ ಕೆಲವು ನಿಮಿಷಗಳ ಬೆಸುಗೆ. ಕೆಟ್ಟ ಚಾರ್ಜರನ್ನು ಮತ್ತೆ ಮತ್ತೆ ಕೊಳ್ಳುವುದಕ್ಕಿಂತ ಕಾರ್ಕಳದಿಂದ ಉಡುಪಿಗೆ ಒಮ್ಮೆ ಬಸ್ಸಿನಲ್ಲಿ ಹೋಗಿ ಇದನ್ನು ಮಾಡಿಸಿಕೊಂಡು ಬರುವುದು ಲಾಭಕರ. ಸಿದ್ಧ ಚಾರ್ಜರನ್ನೇ ಕೊಳ್ಳುವುದಾದರೆ ಅದರ ಮೇಲೆ ಮುದ್ರಿಸಿದ ಪ್ರವಾಹದ ಅಂಕಿಯನ್ನು ಓದಬೇಕು. ಅಂಕಿಯೇ ಇಲ್ಲದ ವಸ್ತುವನ್ನು ಅಂಗಡಿಯಲ್ಲಿಯೇ ಬಿಟ್ಟು ಬರಬೇಕು. ಕೋಶದ ಮೇಲಿನ ಅಂಕಿಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಒಂದು 18650 ಕೋಶದ ಮೇಲೆ 9,800 ಮಿಲಿ ಆಂಪಿಯರ್–ಗಂಟೆ ಎಂದು ಬರೆದಿದ್ದರೆ ಅದು ಸುಳ್ಳೇ ಸರಿ.

ಇನ್ನೂ ಸರಳವಾದ ದಾರಿಯೊಂದಿದೆ, ಬಹುಮಂದಿ ಗೃಹಸ್ಥರಿಗೆ ಅದೇ ಮೇಲು. ಸಾಮಾನ್ಯ ಪೆನ್ಸಿಲ್ ಶೆಲ್ಲಿನಿಂದ ಉರಿಯುವ ಕೈದೀಪವನ್ನು ಕೊಂಡು ಅದಕ್ಕೆ ನಿಕ್ಕಲ್–ಮೆಟಲ್ ಹೈಡ್ರೈಡ್ ಕೋಶಗಳನ್ನು ಹಾಕುವುದು. ಬೆಳಕು ಸ್ವಲ್ಪ ಕಡಿಮೆಯಾದೀತು, ಬೆಂಕಿಯ ಭಯ ಬಹಳಷ್ಟು ತಗ್ಗುತ್ತದೆ. 800 ಮಿಲಿ ಆಂಪಿಯರ್–ಗಂಟೆಯ ಕೋಶಕ್ಕೆ ಅದರ ಹತ್ತನೆಯ ಒಂದಂಶ, ಅಂದರೆ 80 ಮಿಲಿ ಆಂಪಿಯರ್ ಪ್ರವಾಹವನ್ನು ಹಾಯಿಸುವ ನಿಧಾನದ ಚಾರ್ಜರು ಅಗ್ಗವಾಗಿ ಸಿಗುತ್ತದೆ. ಸಂಜೆ ಏಳಕ್ಕೆ ಇಟ್ಟರೆ ಮರುದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ತೆಗೆಯಬೇಕು. ಇಂಥವುಗಳಲ್ಲಿ ಹಲವು ತಾವಾಗಿ ನಿಲ್ಲುವುದಿಲ್ಲವಾದ್ದರಿಂದ ಗಡಿಯಾರದ ಮೇಲೆ ಕಣ್ಣಿರಬೇಕು. ಬೆಳಗಿನ ಜಾವವೇ ದೀಪ ಬೇಕಾದ ರಬ್ಬರು ತೋಟದವನು ಎರಡು ಜೊತೆ ಕೋಶಗಳನ್ನು ಇಟ್ಟುಕೊಂಡರೆ ಒಂದು ತುಂಬುವಾಗ ಇನ್ನೊಂದು ಉರಿಯುತ್ತದೆ.

ಕಡಲ ಬದಿಯ ಕಾಪುವಿನಂಥ ಊರುಗಳಲ್ಲಿ ಮತ್ತೊಂದು ತೊಡಕುಂಟು. ಉಪ್ಪುಗಾಳಿಗೆ ಚಾರ್ಜರಿನ ಲೋಹದ ನಾಲಗೆಗಳು ಹಸಿರುಗಟ್ಟುತ್ತವೆ. ಪ್ರವಾಹ ಹಾಯದೆ ದೀಪವೇ ಹೊತ್ತದಿದ್ದಾಗ, ಹೊಸ ಚಾರ್ಜರಿಗೆ ಹಣ ತೆಗೆಯುವ ಮುನ್ನ ಅದರ ಸಂಪರ್ಕವನ್ನು ಬಿಡಿಸಿ, ಒಣಬಟ್ಟೆಯಿಂದ ಆ ನಾಲಗೆಗಳನ್ನೂ ಕೋಶದ ಎರಡು ತುದಿಗಳನ್ನೂ ಉಜ್ಜಿ ನೋಡಬೇಕು. ಹಲವು ಸಲ ಅಷ್ಟರಿಂದಲೇ ಕೆಂಪು ದೀಪ ಮತ್ತೆ ಹೊತ್ತಿಕೊಳ್ಳುತ್ತದೆ.