ಗೋಮಾಳದಲ್ಲಿ ಬೆಳೆದ ಗಾಲ್ಫ್

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸೇಂಟ್ ಆಂಡ್ರೂಸ್ ಎಂಬ ಪಟ್ಟಣವಿದೆ. 1552ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಕಡಲಂಚಿನ ಮರಳುನೆಲದಲ್ಲಿ ಮೊಲ ಸಾಕುವ ವಿಷಯಕ್ಕೆ ಊರಿನವರೊಡನೆ ಒಂದು ಪತ್ರ ಮಾಡಿಕೊಂಡರು. ಆ ಪತ್ರದಲ್ಲಿ ಊರಿನವರ ಹಕ್ಕುಗಳೂ ದಾಖಲಾದವು. ಆ ನೆಲದಲ್ಲಿ ಅವರು ದನಕುರಿ ಮೇಯಿಸಬಹುದು, ಫುಟ್‌ಬಾಲ್ ಆಡಬಹುದು, ಗಾಲ್ಫ್ ಆಡಬಹುದು, ಅದಕ್ಕೆ ಯಾರೂ ಅಡ್ಡಿ ಮಾಡುವಂತಿಲ್ಲ. ನಮ್ಮ ಊರುಗಳ ಗೋಮಾಳದಂಥದ್ದೇ ನೆಲ ಅದು. ಕಡಲಿಗೂ ಉಳುವ ಹೊಲಕ್ಕೂ ನಡುವೆ ಬಿದ್ದಿದ್ದ, ಬೇಸಾಯಕ್ಕೆ ಬಾರದ, ಗಾಳಿ ಹೊಡೆದು ದಿಬ್ಬತಗ್ಗಾದ ಮರಳುಗಾಡು. ಸ್ಕಾಟ್ಲೆಂಡಿನಲ್ಲಿ ಇಂಥ ನೆಲವನ್ನು ಲಿಂಕ್ಸ್ ಎನ್ನುತ್ತಾರೆ. ಇಂದು ಜಗತ್ತಿನ ಗಾಲ್ಫ್ ಆಟಗಾರರು ಒಮ್ಮೆಯಾದರೂ ಕಾಲಿಡಬೇಕೆಂದು ಬಯಸುವ ಓಲ್ಡ್ ಕೋರ್ಸ್ ಇರುವುದು ಇದೇ ನೆಲದಲ್ಲಿ. ಗಾಲ್ಫ್ ಎಂದರೆ ಸಿರಿವಂತರ ಕಾಂಪೌಂಡಿನೊಳಗಿನ ಆಟ ಎಂದು ನಂಬಿರುವ ನಮಗೆ ಈ ಮೈದಾನದ ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ. ಎಲ್ಲರ ಸ್ವತ್ತಾಗಿದ್ದರಿಂದಲೇ ಓಲ್ಡ್ ಕೋರ್ಸ್ ಶ್ರೇಷ್ಠ ಮೈದಾನವಾಯಿತು ಎಂಬುದು ನನ್ನ ವಾದ. ಹಲವರು ಹಂಚಿಕೊಂಡು ಬಳಸಬೇಕಾದ್ದರಿಂದ ಅದು ಅಗಲವಾಯಿತು. ಅಗಲವಾದ್ದರಿಂದ ಆಟಗಾರನಿಗೆ ಹಲವು ದಾರಿ ತೆರೆದವು. ಯಾವ ದಾರಿ ಹಿಡಿಯಬೇಕೆಂಬ ಆ ಯೋಚನೆಯೇ ಮುಂದೆ ಗಾಲ್ಫ್ ಮೈದಾನ ಕಟ್ಟುವ ಕಲೆಗೆ ಬುನಾದಿಯಾಯಿತು.

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಟೀ ಎಂಬ ಜಾಗದಿಂದ ಚೆಂಡು ಹೊಡೆದು, ಫೇರ್‌ವೇ ಎಂಬ ಹುಲ್ಲುಹಾದಿ ದಾಟಿಸಿ, ಗ್ರೀನ್ ಎಂಬ ನುಣುಪು ಹುಲ್ಲಿನ ಮೇಲಿರುವ ಕುಳಿಗೆ ಬೀಳಿಸಬೇಕು. ಎಷ್ಟು ಕಡಿಮೆ ಹೊಡೆತವಾದರೆ ಅಷ್ಟು ಒಳ್ಳೆಯದು. ದಾರಿಯಲ್ಲಿ ಬಂಕರ್ ಎಂಬ ಮರಳುಗುಂಡಿಗಳಿರುತ್ತವೆ. ಇಂಥ 18 ಕುಳಿ ಮುಗಿಸಿದರೆ ಒಂದು ಸುತ್ತು. 18 ಎಂಬ ಲೆಕ್ಕವೂ ಸೇಂಟ್ ಆಂಡ್ರೂಸ್‌ನದೇ. ಅಲ್ಲಿ ಮೊದಲು ಒಂದು ಸುತ್ತಿಗೆ 22 ಕುಳಿಗಳಿದ್ದವು. 1764ರಲ್ಲಿ ಕೆಲವು ಗಿಡ್ಡ ಕುಳಿಗಳನ್ನು ಒಂದಕ್ಕೊಂದು ಸೇರಿಸಿ 18ಕ್ಕೆ ಇಳಿಸಿದರು. ಉಳಿದ ಜಗತ್ತು ಅದನ್ನೇ ಅನುಸರಿಸಿತು.

ಆಗಿನ ಮೈದಾನ ಮುಳ್ಳುಪೊದೆಗಳ ನಡುವಿನ ಒಂದು ಕಿರಿದಾದ ಪಟ್ಟಿ. ಊರಿನ ಕಡೆಯಿಂದ ಹೊರಟವರು ತುದಿಯವರೆಗೆ ಆಡಿಕೊಂಡು ಹೋಗಿ, ಅದೇ ಕುಳಿಗಳನ್ನು ಆಡುತ್ತ ವಾಪಸು ಬರುತ್ತಿದ್ದರು. ಆಡುವವರು ಬೆರಳೆಣಿಕೆಯಷ್ಟಿದ್ದಾಗ ಇದರಿಂದ ತೊಂದರೆಯಾಗಲಿಲ್ಲ. 1848ರ ಹೊತ್ತಿಗೆ ಗಟಾಪರ್ಚಾ ಎಂಬ ಮರದ ಹಾಲಿನಿಂದ ಮಾಡಿದ ಚೆಂಡು ಬಂತು. ಅಲ್ಲಿಯವರೆಗೆ ಬಳಕೆಯಲ್ಲಿದ್ದದ್ದು ಚರ್ಮದ ಚೀಲಕ್ಕೆ ಹಕ್ಕಿಯ ಗರಿ ತುರುಕಿ ಕೈಯಲ್ಲೇ ಹೊಲಿದ ಚೆಂಡು. ನುರಿತ ಕಸುಬುದಾರನೂ ದಿನಕ್ಕೆ ಕೆಲವನ್ನಷ್ಟೇ ಮಾಡಬಲ್ಲವನಾಗಿದ್ದರಿಂದ ಅದರ ಬೆಲೆ ಬಡವನ ಕೈಗೆ ನಿಲುಕುತ್ತಿರಲಿಲ್ಲ. ಹೊಸ ಚೆಂಡು ಅಗ್ಗ. 1852ರಲ್ಲಿ ಊರಿಗೆ ರೈಲೂ ಬಂತು. ಮೈದಾನದಲ್ಲಿ ಹೋಗುವವರೂ ಬರುವವರೂ ಎದುರುಬದುರಾಗಿ ನಿಲ್ಲತೊಡಗಿದರು. ಸಾರ್ವಜನಿಕ ನೆಲವಾದ್ದರಿಂದ ಯಾರನ್ನೂ ಹೊರಗೆ ನಿಲ್ಲಿಸುವಂತಿರಲಿಲ್ಲ. ಗ್ರೀನ್‌ಗಳನ್ನು ಹಿಗ್ಗಿಸಿ, ಒಂದೊಂದರಲ್ಲೂ ಎರಡು ಕುಳಿ ತೋಡುವುದೊಂದೇ ಉಳಿದ ದಾರಿಯಾಗಿತ್ತು. ಇಂದಿಗೂ ಓಲ್ಡ್ ಕೋರ್ಸಿನ 14 ಕುಳಿಗಳು ಏಳು ಜೋಡಿ ಗ್ರೀನ್‌ಗಳಲ್ಲಿವೆ. ಎರಡನೆಯದು ಹದಿನಾರನೆಯದರ ಜೊತೆ, ಮೂರನೆಯದು ಹದಿನೈದನೆಯದರ ಜೊತೆ, ಹೀಗೆ ಪ್ರತಿ ಜೋಡಿಯ ಅಂಕಿ ಕೂಡಿದರೆ 18 ಬರುತ್ತದೆ. ಫೇರ್‌ವೇಗಳೂ ಹೀಗೇ ಹಿಗ್ಗಿದವು. ಮೈದಾನದ ಉಸ್ತುವಾರಿ ಹೊತ್ತ ಟಾಮ್ ಮಾರಿಸ್ (1821-1908) ಪೊದೆ ಕಡಿಸಿ, ಗ್ರೀನ್‌ಗಳಿಗೆ ಮರಳು ಚೆಲ್ಲಿಸಿ, ವರ್ಷಗಟ್ಟಲೆ ಆರೈಕೆ ಮಾಡಿದರು. ಇದರಲ್ಲಿ ಯಾವ ಒಬ್ಬ ವಿನ್ಯಾಸಗಾರನ ನೀಲನಕ್ಷೆಯೂ ಇಲ್ಲ. ಮೊಲ ಮೇದ ಹುಲ್ಲು, ಗಾಳಿ ಎಬ್ಬಿಸಿದ ಮರಳು, ಜನದಟ್ಟಣೆ ಎಲ್ಲ ಸೇರಿ ಮಾಡಿದ ಕೆಲಸ ಇದು.

ಅಗಲದಿಂದ ಆಟಕ್ಕೆ ಏನು ಲಾಭವಾಯಿತು ಎಂಬುದನ್ನು ಹದಿನೇಳನೆಯ ಕುಳಿಯಲ್ಲಿ ಹತ್ತಿರದಿಂದ ನೋಡಬಹುದು. ಅದರ ಹೆಸರು ರೋಡ್ ಹೋಲ್. ಗ್ರೀನ್ ಕಿರಿದಾಗಿ ಓರೆಗೆ ಮಲಗಿದೆ. ಎಡ ಮಗ್ಗುಲಿಗೆ ಅಂಟಿಕೊಂಡು ಮನುಷ್ಯನ ಎದೆಮಟ್ಟದ ಗೋಡೆಯುಳ್ಳ ಸಣ್ಣ ಬಂಕರ್. ಹಿಂಬದಿಗೆ ಒಂದು ರಸ್ತೆ, ಅದರಾಚೆ ಕಲ್ಲುಗೋಡೆ. ಚೆಂಡು ರಸ್ತೆಗೆ ಬಿದ್ದರೆ ರಸ್ತೆಯ ಮೇಲಿಂದಲೇ ಹೊಡೆಯಬೇಕು, ಎತ್ತಿಡುವ ರಿಯಾಯಿತಿಯಿಲ್ಲ. ಮೊದಲ ಹೊಡೆತವನ್ನು ಎಡಕ್ಕೆ ಹೊಡೆದರೆ ಭಯವಿಲ್ಲ, ಜಾಗ ಧಾರಾಳ. ಆದರೆ ಮುಂದಿನ ಹೊಡೆತಕ್ಕೆ ಬಂಕರ್ ನೇರ ಅಡ್ಡ ಬರುತ್ತದೆ. ಬಲಕ್ಕೆ, ಹೋಟೆಲಿನ ಗೋಡೆಯ ಪಕ್ಕಕ್ಕೆ ಹೊಡೆದರೆ ಗ್ರೀನ್ ಉದ್ದಕ್ಕೂ ತೆರೆದುಕೊಳ್ಳುತ್ತದೆ. ಒಂದಿಷ್ಟು ತಪ್ಪಿದರೆ ಮಾತ್ರ ಚೆಂಡು ಗಡಿ ದಾಟಿ ದಂಡ ತೆರಬೇಕಾಗುತ್ತದೆ. ಇಂದಿನ ಧೈರ್ಯಕ್ಕೆ ನಾಳೆಯ ಸುಲಭ, ಇಂದಿನ ಸುಲಭಕ್ಕೆ ನಾಳೆಯ ಕಷ್ಟ ಎಂಬ ಲೆಕ್ಕ ಇದು. 1978ರ ಓಪನ್ ಚಾಂಪಿಯನ್‌ಷಿಪ್‌ನಲ್ಲಿ ಜಪಾನಿನ ಟಾಮಿ ನಕಾಜಿಮಾ ಗ್ರೀನ್ ಮೇಲಿದ್ದ ಚೆಂಡನ್ನು ಮೆಲ್ಲಗೆ ತಳ್ಳಿದರು. ಅದು ಇಳಿಜಾರು ಹಿಡಿದು ಆ ಬಂಕರಿಗೆ ಉರುಳಿತು. ಹೊರಬರಲು ಒದ್ದಾಡಿ ಕೊನೆಗೆ ಆ ಒಂದು ಕುಳಿಗೆ ಒಂಬತ್ತು ಹೊಡೆತ ತೆಗೆದುಕೊಂಡರು. ಅಲ್ಲಿ ಫೇರ್‌ವೇ ಕಿರಿದಾಗಿದ್ದರೆ ಎಲ್ಲರೂ ಒಂದೇ ದಾರಿಯಲ್ಲಿ ನಡೆಯಬೇಕಾಗುತ್ತಿತ್ತು. ಆಗ ಪರೀಕ್ಷೆಯಾಗುವುದು ತೋಳಿನ ಶಕ್ತಿ ಮಾತ್ರ, ಬುದ್ಧಿಯಲ್ಲ.

ಈ ಗುಟ್ಟು ತಿಳಿಯದ ಹತ್ತೊಂಬತ್ತನೆಯ ಶತಮಾನದ ಕೊನೆಯ ಇಂಗ್ಲೆಂಡಿನಲ್ಲಿ ಏನಾಯಿತು ನೋಡಿ. ಆಟದ ಹುಚ್ಚು ಹಬ್ಬಿ ಜೇಡಿಮಣ್ಣಿನ ಬಯಲುಗಳಲ್ಲೆಲ್ಲ ಗೂಟ ನೆಟ್ಟು ಮೈದಾನ ಗುರುತು ಮಾಡಿದರು. ಫೇರ್‌ವೇಗೆ ಅಡ್ಡಲಾಗಿ ಉದ್ದುದ್ದ ಮಣ್ಣಿನ ಏರಿ ಕಟ್ಟಿ, ದಾಟಿದವನು ಗೆದ್ದ, ದಾಟದವನು ಸತ್ತ ಎಂಬಂತೆ ಮಾಡಿದರು. ಇದರಿಂದ ಬೇಸತ್ತವರು ಮತ್ತೆ ಸೇಂಟ್ ಆಂಡ್ರೂಸ್ ಕಡೆ ತಿರುಗಿದರು. ಲಂಡನ್ ಸಮೀಪದ ವೋಕಿಂಗ್ ಮೈದಾನದ ನಾಲ್ಕನೆಯ ಕುಳಿಯಲ್ಲಿ ಸ್ಟುವರ್ಟ್ ಪೇಟನ್ ಮತ್ತು ಜಾನ್ ಲೋ ಫೇರ್‌ವೇಯ ನಟ್ಟನಡುವೆ ಬಂಕರ್ ತೋಡಿಸಿದರು. ಅದರ ಮಾದರಿ ಓಲ್ಡ್ ಕೋರ್ಸಿನ ಹದಿನಾರನೆಯ ಕುಳಿಯ ನಡುವಿರುವ ‘ಪ್ರಿನ್ಸಿಪಲ್ಸ್ ನೋಸ್’ ಬಂಕರ್. ನೇರ ಹೊಡೆತಕ್ಕೆ ಶಿಕ್ಷೆಯೇ ಎಂದು ಸದಸ್ಯರು ಸಿಟ್ಟಾದರು. ಆದರೆ ಎಡವೋ ಬಲವೋ ಎಂದು ಯೋಚಿಸಿ ಹೊಡೆಯುವ ರುಚಿ ಹತ್ತಿದ ಮೇಲೆ ಆ ಆಟಕ್ಕೊಂದು ಪಂಥವೇ ಹುಟ್ಟಿತು. ವೈದ್ಯ ವೃತ್ತಿ ಬಿಟ್ಟು ಮೈದಾನ ಕಟ್ಟಲು ನಿಂತ ಅಲಿಸ್ಟರ್ ಮೆಕೆಂಜಿ 1920ರಲ್ಲಿ ಈ ತತ್ವಗಳನ್ನು ಪುಸ್ತಕವಾಗಿ ಬರೆದರು, 1924ರಲ್ಲಿ ಓಲ್ಡ್ ಕೋರ್ಸನ್ನು ಅಳೆದು ನಕ್ಷೆ ಮಾಡಿದರು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಜಗತ್ತಿನ ಅತಿ ಸುಂದರ ಮೈದಾನಗಳಲ್ಲಿ ಹೆಚ್ಚಿನವು ಖಾಸಗಿ ಕ್ಲಬ್ಬುಗಳವು, ಅಮೆರಿಕದ ಅಗಸ್ಟಾ ನ್ಯಾಷನಲ್ ಅದಕ್ಕೆ ಸಾಕ್ಷಿ, ಹಾಗಿರುವಾಗ ಸಾರ್ವಜನಿಕ ನೆಲಕ್ಕೂ ಒಳ್ಳೆಯ ಮೈದಾನಕ್ಕೂ ಏನು ಸಂಬಂಧ ಎಂಬುದು. ಅಗಸ್ಟಾ ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಅದನ್ನು ರೂಪಿಸಿದವರು ಮೆಕೆಂಜಿ ಮತ್ತು ಅಮೆರಿಕದ ಆಟಗಾರ ಬಾಬಿ ಜೋನ್ಸ್. ಜೋನ್ಸ್ 1921ರಲ್ಲಿ ಸೇಂಟ್ ಆಂಡ್ರೂಸ್‌ಗೆ ಮೊದಲ ಸಲ ಬಂದಾಗ ಹನ್ನೊಂದನೆಯ ಕುಳಿಯ ಬಂಕರಿನಲ್ಲಿ ಸಿಕ್ಕಿ, ರೋಸಿ, ಪಂದ್ಯವನ್ನೇ ಕೈಬಿಟ್ಟಿದ್ದರು. ಆಮೇಲೆ ಆ ನೆಲವನ್ನು ಪಟ್ಟಾಗಿ ಕಲಿತು 1927ರಲ್ಲಿ ಅಲ್ಲೇ ಓಪನ್ ಗೆದ್ದರು. 1958ರಲ್ಲಿ ಊರು ಅವರಿಗೆ ತನ್ನ ಗೌರವ ಪೌರತ್ವ ಕೊಟ್ಟಿತು. ಅವರಿಬ್ಬರೂ 1930ರ ದಶಕದ ಆರಂಭದಲ್ಲಿ ಕಟ್ಟಿದ ಅಗಸ್ಟಾದಲ್ಲಿ ಫೇರ್‌ವೇಗಳು ವಿಶಾಲವಾಗಿದ್ದವು, ಬಂಕರುಗಳು 22 ಮಾತ್ರ. ಎಲ್ಲರಿಗೂ ಸೇರಿದ ಕಡಲಂಚಿನ ನೆಲದಿಂದ ಕಲಿತ ಪಾಠವನ್ನು ಬೇಲಿಯೊಳಗೆ ನೆಟ್ಟದ್ದು ಅದು. ಅದೇ ಕ್ಲಬ್ ಮೊದಲ ಕಪ್ಪು ಸದಸ್ಯನನ್ನು ಸೇರಿಸಿಕೊಂಡದ್ದು 1990ರಲ್ಲಿ, ಮೊದಲ ಮಹಿಳೆಯರನ್ನು 2012ರಲ್ಲಿ. 1999ರಿಂದ ಅಲ್ಲಿ ಫೇರ್‌ವೇ ಅಂಚಿಗೆ ಉದ್ದ ಹುಲ್ಲು ಬೆಳೆಸಿದರು, ಮರ ನೆಟ್ಟರು, ದಾರಿ ಕಿರಿದಾಯಿತು. ಜೋನ್ಸ್ ಬಯಸಿದ ಅಗಲವನ್ನು ಕಾಯುವ ಬಲವಾದ ಕಾರಣ ಆ ಬೇಲಿಯೊಳಗೆ ಇರಲಿಲ್ಲ.

ಹಾಗೆಂದು ಕ್ಲಬ್ಬುಗಳನ್ನು ತಳ್ಳಿಹಾಕುವಂತಿಲ್ಲ. 1744ರಲ್ಲಿ ಎಡಿನ್‌ಬರೋ ಗಾಲ್ಫರುಗಳ ಕೂಟ ಲೀತ್ ಎಂಬಲ್ಲಿ 13 ನಿಯಮ ಬರೆಯದಿದ್ದರೆ, 1754ರಲ್ಲಿ ಸೇಂಟ್ ಆಂಡ್ರೂಸ್‌ನ 22 ಗಣ್ಯರು ತಮ್ಮ ಸಂಘ ಕಟ್ಟದಿದ್ದರೆ, ಊರಿಗೊಂದು ರೀತಿಯ ಆಟವೇ ಉಳಿಯುತ್ತಿತ್ತೇನೋ. ಆ ಸಂಘವೇ 1834ರಲ್ಲಿ ದೊರೆಯಿಂದ ಬಿರುದು ಪಡೆದು ರಾಯಲ್ ಅಂಡ್ ಏನ್ಷಂಟ್ ಎನಿಸಿಕೊಂಡಿತು. ಆದರೆ ಗಮನಿಸಬೇಕಾದದ್ದು, ಈ ಎರಡು ಕೂಟಗಳಿಗೂ ಆಗ ಸ್ವಂತ ನೆಲವಿರಲಿಲ್ಲ. ಎರಡೂ ಊರಿನ ಬಯಲಿನಲ್ಲಿ ಆಡಿದವು. ಲೀತ್‌ನಲ್ಲಿ ಜನ ಹೆಚ್ಚಾದಾಗ ಎಡಿನ್‌ಬರೋ ಕೂಟ ಮಸಲ್‌ಬರೋಗೆ, ಅಲ್ಲೂ ನೂಕುನುಗ್ಗಲಾದಾಗ 1891ರಲ್ಲಿ ಮ್ಯೂರ್‌ಫೀಲ್ಡಿನ ತನ್ನದೇ ಜಾಗಕ್ಕೆ ಹೋಯಿತು. ಬಾಗಿಲು ಮುಚ್ಚುವ ರೂಢಿ ಬೆಳೆದದ್ದು ಇಂಥ ವಲಸೆಗಳಿಂದ. ಆ ಕೂಟ ಮಹಿಳೆಯರಿಗೆ ಸದಸ್ಯತ್ವ ಕೊಡಲು ಒಪ್ಪಿದ್ದು 2017ರಲ್ಲಿ, ಅದೂ ಹಿಂದಿನ ವರ್ಷದ ಮತದಾನದಲ್ಲಿ ನಿರಾಕರಿಸಿ ಓಪನ್ ನಡೆಸುವ ಅವಕಾಶ ಕಳೆದುಕೊಂಡ ಮೇಲೆ. ರಾಯಲ್ ಅಂಡ್ ಏನ್ಷಂಟ್ ಕೂಡ 2014ರವರೆಗೆ ಕಾಯಿತು. ಆದರೆ ಅದೇ ಸೇಂಟ್ ಆಂಡ್ರೂಸ್‌ನ ಸಾರ್ವಜನಿಕ ನೆಲದಲ್ಲಿ ಮಹಿಳೆಯರ ಪಟಿಂಗ್ ಕ್ಲಬ್ 1867ರಿಂದಲೇ ನಡೆಯುತ್ತಿದೆ.

ಊರಿನ ನೆಲ ತಾನಾಗಿ ಉಳಿಯಲೂ ಇಲ್ಲ. 1797ರಲ್ಲಿ ಸಾಲದಲ್ಲಿ ಮುಳುಗಿದ ಪಟ್ಟಣ ಸಭೆ ಲಿಂಕ್ಸನ್ನು ವ್ಯಾಪಾರಿಗಳಿಗೆ ಮಾರಿತು. ಅವರು ಮೊಲದ ವ್ಯಾಪಾರಕ್ಕೆ ಇಳಿದರು. ಮೊಲಗಳು ಮೈದಾನ ತೋಡಿ ಹಾಳುಗೆಡವಿದವು, ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಸ್ಥಳೀಯ ಜಮೀನುದಾರ ಅದನ್ನು ಕೊಂಡು ಆಟಕ್ಕೆ ಉಳಿಸಿದರು. 1894ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ನೆಲ ಊರಿಗೆ ಮರಳಿತು. ಈಗ 1974ರ ಕಾಯಿದೆಯಡಿ ಒಂದು ಟ್ರಸ್ಟ್ ನೋಡಿಕೊಳ್ಳುತ್ತಿದೆ. ರಾಯಲ್ ಅಂಡ್ ಏನ್ಷಂಟ್ ಸಂಘದ ಭವ್ಯ ಕಟ್ಟಡ ಮೊದಲ ಟೀಯ ಹಿಂದೆಯೇ ನಿಂತಿದ್ದರೂ ಮೈದಾನ ಅದರದಲ್ಲ. ಹೊರಗಿನವರು ಲಾಟರಿಗೆ ಹೆಸರು ಕೊಟ್ಟು ಆಡುವ ಸರದಿ ಪಡೆಯಬಹುದು. ಸಾಮಾನ್ಯವಾಗಿ ಭಾನುವಾರ ಆಟಕ್ಕೆ ರಜೆ, ಅಂದು ಊರಿನವರು ಮಕ್ಕಳು, ನಾಯಿಗಳ ಸಮೇತ ಅಲ್ಲಿ ತಿರುಗಾಡುತ್ತಾರೆ.

ಅಗಲವಾದ ಮೈದಾನ ಸುಲಭವಾಗುತ್ತದೆಂಬ ಆಕ್ಷೇಪವನ್ನು ವೃತ್ತಿಪರ ಆಟದ ಅಭಿಮಾನಿಗಳು ಎತ್ತುತ್ತಾರೆ. 2022ರಲ್ಲಿ ಓಲ್ಡ್ ಕೋರ್ಸಿನಲ್ಲಿ ನಡೆದ 150ನೆಯ ಓಪನ್ ಅನ್ನು ಕ್ಯಾಮರಾನ್ ಸ್ಮಿತ್ ನಿಗದಿಗಿಂತ 20 ಹೊಡೆತ ಕಡಿಮೆಯಲ್ಲಿ ಗೆದ್ದರು, ನಿಜ. ಅದರಲ್ಲಿ ಹೆಚ್ಚಿನ ಪಾಲು ದೂರ ಹಾರುವ ಇಂದಿನ ಚೆಂಡಿಗೂ ಕೋಲಿಗೂ ಸೇರಬೇಕು. ಆಟದ ಆಡಳಿತ ಸಂಸ್ಥೆಗಳೇ 2023ರ ಡಿಸೆಂಬರ್‌ನಲ್ಲಿ ಚೆಂಡಿನ ದೂರಕ್ಕೆ ಮಿತಿ ಹಾಕುವ ನಿರ್ಧಾರ ಪ್ರಕಟಿಸಿದವು. 2022ರ ಆ ಓಪನ್ ಪಂದ್ಯದ ಕೊನೆಯ ದಿನ ರೋರಿ ಮೆಕಿಲ್‌ರಾಯ್ ಹದಿನೆಂಟೂ ಗ್ರೀನ್‌ಗಳನ್ನು ನಿಗದಿತ ಹೊಡೆತದಲ್ಲಿ ಮುಟ್ಟಿದರೂ ಮೂರನೆಯ ಸ್ಥಾನಕ್ಕೆ ಇಳಿದರು, ಏಕೆಂದರೆ ಮುಟ್ಟಿದ್ದು ಹೆಚ್ಚಾಗಿ ಸುರಕ್ಷಿತ ಬದಿಯನ್ನು. ಸ್ಮಿತ್ ರೋಡ್ ಹೋಲಿನಲ್ಲಿ ಬಂಕರಿನ ಈಚೆ ಸಿಕ್ಕಿಬಿದ್ದಾಗ ಚೆಂಡನ್ನು ಮೇಲೆತ್ತಿ ದಾಟಿಸಲಿಲ್ಲ. ಇಳಿಜಾರನ್ನು ನಂಬಿ, ನೆಲದ ಮೇಲೆಯೇ ಬಂಕರನ್ನು ಸುತ್ತಿಸಿ ಉರುಳಿಸಿದರು, ಮುಂದಿನ ಹೊಡೆತಕ್ಕೆ ಕುಳಿಗೆ ಬೀಳಿಸಿದರು. ಗೆಲುವು ನಿಂತದ್ದು ಅಲ್ಲಿ.

ನೀರಿನ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು, ಅದನ್ನು ನಾನು ಒಪ್ಪುತ್ತೇನೆ. ಬರದ ನಾಡಿನಲ್ಲಿ ಎಕರೆಗಟ್ಟಲೆ ಹುಲ್ಲಿಗೆ ನೀರುಣಿಸುವುದು ತಪ್ಪು. ಆದರೆ ಆ ಹಸಿರು ರತ್ನಗಂಬಳಿ ಗಾಲ್ಫಿನ ಮೂಲಗುಣವಲ್ಲ, ಟೆಲಿವಿಷನ್ ಕಾಲದ ಅಗಸ್ಟಾ ಹಬ್ಬಿಸಿದ ಚಟ. ಲಿಂಕ್ಸ್ ಹುಲ್ಲು ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ, ಚೆಂಡು ಗಟ್ಟಿನೆಲದ ಮೇಲೆ ಇನ್ನೂ ಚೆನ್ನಾಗಿ ಉರುಳುತ್ತದೆ. ಅಮೆರಿಕದ ಪೈನ್‌ಹರ್ಸ್ಟ್ ನಂಬರ್ 2 ಮೈದಾನವನ್ನು 2010ರ ಸುಮಾರಿಗೆ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಷಾ ಸರಿಪಡಿಸಿದಾಗ ಸುಮಾರು 35 ಎಕರೆ ಹುಲ್ಲು ಕಿತ್ತು ಮರಳು ಮತ್ತು ಕಾಡುಹುಲ್ಲಿಗೆ ಬಿಟ್ಟರು. ನೀರು ಚಿಮ್ಮಿಸುವ ಸ್ಪ್ರಿಂಕ್ಲರುಗಳನ್ನು 1,150ರಿಂದ 450ಕ್ಕೆ ಇಳಿಸಿದರು. 2014ರಲ್ಲಿ ಅಮೆರಿಕದ ಪುರುಷರ ಮತ್ತು ಮಹಿಳೆಯರ ಓಪನ್ ಎರಡೂ ಅಲ್ಲೇ ಬೆನ್ನುಬೆನ್ನಿಗೆ ನಡೆದವು.

ಭಾರತಕ್ಕೆ ಬ್ರಿಟಿಷರು ಆಟದ ಜೊತೆ ಕ್ಲಬ್ಬನ್ನು ತಂದರು, ಊರ ಬಯಲಿನ ಹಕ್ಕನ್ನು ತರಲಿಲ್ಲ. ಬ್ರಿಟಿಷ್ ದ್ವೀಪಗಳ ಹೊರಗೆ ಅತಿ ಹಳೆಯದಾದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ 1829ರದು, ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಬೆಂಗಳೂರಿನ ಚಲ್ಲಘಟ್ಟ ಕೆರೆಯಿದ್ದ ಜಾಗದಲ್ಲಿ ಇಂದು ಗಾಲ್ಫ್ ಮೈದಾನವಿದೆ. ಕೆರೆ ಕಳೆದುಕೊಂಡ ಊರಿಗೆ ಆ ಹುಲ್ಲಿನ ಮೇಲೆ ನಡೆಯುವ ಅವಕಾಶವಾದರೂ ಸಿಗಬೇಕಿತ್ತು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಮುಗಿಸಿದ ದಿನ ಬೆಳಗಿನಿಂದ ಟಿವಿ ಮುಂದೆ ಕೂತ ಮಕ್ಕಳಲ್ಲಿ ಎಷ್ಟು ಜನ ಒಂದು ಕೋಲು ಹಿಡಿದು ಹೊಡೆದು ನೋಡಬಲ್ಲರು? ಇದು ಆಗದ ಕೆಲಸವೇನಲ್ಲ. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಲಾಡೋ ಸರಾಯ್‌ನಲ್ಲಿ ಕುತುಬ್ ಗಾಲ್ಫ್ ಕೋರ್ಸನ್ನು ಸಾರ್ವಜನಿಕ ಮೈದಾನವಾಗಿ 2000ದಲ್ಲಿ ತೆರೆಯಿತು. ಸದಸ್ಯತ್ವವಿಲ್ಲದವರೂ ಶುಲ್ಕ ಕೊಟ್ಟು ಅಲ್ಲಿ ಆಡಬಹುದು. ಸರ್ಕಾರದ ನೆಲವನ್ನು ಗುತ್ತಿಗೆಗೆ ಪಡೆದ ಗಾಲ್ಫ್ ಮೈದಾನ ಕರ್ನಾಟಕದ ಯಾವ ಊರಿನಲ್ಲೇ ಇರಲಿ, ಗುತ್ತಿಗೆ ನವೀಕರಿಸುವಾಗ ಸರ್ಕಾರ ಎರಡು ಷರತ್ತು ಹಾಕಬೇಕು. ವಾರದಲ್ಲಿ ನಿಗದಿತ ಹೊತ್ತು ಶಾಲಾ ಮಕ್ಕಳಿಗೆ ಅಲ್ಲಿ ಆಡಲು ಬಿಡಬೇಕು, ಹುಲ್ಲಿಗೆ ಶುದ್ಧೀಕರಿಸಿದ ತ್ಯಾಜ್ಯನೀರನ್ನಷ್ಟೇ ಬಳಸಬೇಕು.