ಚೀಟಿಯ ಬದಲು ಕಂಪ್ಯೂಟರ್ ಬಂದರೆ?

ಪ್ರಶ್ನೆ: ನಮ್ಮ ಹುಬ್ಬಳ್ಳಿಯ ಕಿಮ್ಸ್‌ನಂಥ ದೊಡ್ಡ ದವಾಖಾನೆಗಳಲ್ಲಿ ವೈದ್ಯರು ಔಷಧಿ, ತಪಾಸಣೆಗಳನ್ನು ನೇರವಾಗಿ ಕಂಪ್ಯೂಟರಿನಲ್ಲೇ ಬರೆದರೆ ತಪ್ಪುಗಳು ನಿಲ್ಲುತ್ತವೆಯೇ?

ಉತ್ತರ: ಕಡಿಮೆಯಾಗುತ್ತವೆ, ಪೂರ್ತಿ ನಿಲ್ಲುವುದಿಲ್ಲ. ಔಷಧಿಯ ಹೆಸರನ್ನು ಓದಲು ಬರುವಂತೆ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮ ತಿದ್ದಿತ್ತು. ಆದರೆ ಕೈಬರಹ ಒಂದೇ ತೊಡಕಲ್ಲ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಮಾತ್ರೆ. ‘ದಿನಾ’ ಎಂದು ಬರೆದುಬಿಟ್ಟರೆ, ಅಕ್ಷರ ಎಷ್ಟೇ ದುಂಡಗಿದ್ದರೂ ಜೀವಕ್ಕೇ ಅಪಾಯ. ಒಳ್ಳೆಯ ತಂತ್ರಾಂಶ ಅಲ್ಲಿಯೇ ತಡೆದು, ‘ಖಾತ್ರಿಯೇ?’ ಎಂದು ಕೇಳುತ್ತದೆ. ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಇದರಿಂದ ಗಂಭೀರ ಔಷಧ ತಪ್ಪುಗಳು ಶೇ 55ರಷ್ಟು ಇಳಿದವೆಂದು 1998ರಲ್ಲಿ ವರದಿಯಾಯಿತು.

ಇನ್ನೊಂದು ಮುಖವೂ ಇದೆ. ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆ 2002ರಲ್ಲಿ ಆರೇ ದಿನಗಳಲ್ಲಿ ಇಡೀ ವ್ಯವಸ್ಥೆ ಬದಲಿಸಿತು. ಬೇರೆಡೆಯಿಂದ ಬರುವ ಮಗುವಿಗೆ ಮೊದಲೇ ಔಷಧಿ ಸಿದ್ಧಮಾಡಿಡುವ ರೂಢಿ ತಪ್ಪಿತು. ಮಗು ಬಂದು, ಹೆಸರು ದಾಖಲಾದ ಮೇಲಷ್ಟೇ ಆದೇಶ. ಹಾಗೆ ಬಂದ ಮಕ್ಕಳ ಸಾವಿನ ಪ್ರಮಾಣ ಶೇ 2.8ರಿಂದ 6.57ಕ್ಕೇರಿತು. ಅದೇ ತಂತ್ರಾಂಶವನ್ನು ತಯಾರಿ ಮಾಡಿಕೊಂಡು ತಂದ ಸಿಯಾಟಲ್‌ನಲ್ಲಿ ಸಾವು ಹೆಚ್ಚಲಿಲ್ಲ.

ಆದ್ದರಿಂದ ನಮ್ಮಲ್ಲೂ ಇದು ವಾರ್ಡಿನಿಂದ ವಾರ್ಡಿಗೆ ನಿಧಾನವಾಗಿ ಬರಲಿ. ದಾದಿಯರನ್ನು ಮೊದಲು ಕೇಳಲಿ. ಸುತ್ತಲಿನ ಜಿಲ್ಲೆಗಳಿಂದ ಆಂಬ್ಯುಲೆನ್ಸಿನಲ್ಲಿ ಬರುವ ರೋಗಿಗೆ ದಾಖಲಾತಿಗೂ ಮುನ್ನವೇ ಔಷಧಿ ಸಿಗುವ ದಾರಿ ಉಳಿಯಲಿ.