ಟೆಲಿಫೋನಿಗೆ ತಾನೇ ಉತ್ತರವೀಯುವ ಗಣಕಯಂತ್ರ

ದಾವಣಗೆರೆಯ ಮಾರುಕಟ್ಟೆಗೆ ಮೆಕ್ಕೆಜೋಳವನ್ನು ತರುವವರೆಲ್ಲರೂ ಹಲಗೆಯ ಮೇಲೆ ಬರೆದ ದರವನ್ನು ಓದಬಲ್ಲವರಲ್ಲ. ಟೆಲಿಫೋನಿನಲ್ಲಿ ಮಾತನಾಡುವುದಕ್ಕಾದರೋ ಅಕ್ಷರಜ್ಞಾನವು ಬೇಕಿಲ್ಲ. ಮಾತನ್ನು ಗುರುತಿಸಿ ಟೆಲಿಫೋನಿಗೆ ತಾನೇ ಉತ್ತರ ಕೊಡುವ ಗಣಕಯಂತ್ರವು ಇಂಥವರಿಗೇ ಹೆಚ್ಚು ಪ್ರಯೋಜನಕಾರಿಯಾದುದು. ಮೊದಮೊದಲ ಸಣ್ಣ ಗಣಕಗಳಿಗೆ ಈ ಉಪಕರಣಗಳನ್ನು ಆರಿಸುವವರು ಏನನ್ನು ವಿಚಾರಿಸಬೇಕಾಗಿತ್ತೆಂಬುದನ್ನು ನಮ್ಮ ವಿದ್ಯಾರ್ಥಿನಿಯರಿಗಾಗಿ ಇಲ್ಲಿ ವಿವರಿಸುವೆವು. ಇಂದಿನ ಯಂತ್ರಗಳಲ್ಲಿ ಮರೆಯಾಗಿರುವ ತೊಡಕುಗಳು ಅವುಗಳಲ್ಲಿ ಸ್ಪಷ್ಟವಾಗಿ ತೋರುತ್ತವೆ.

ಮೊದಲನೆಯದು ಸ್ಥಳದ ತೊಡಕು. ಟೆಲಿಫೋನು ಮನುಷ್ಯಧ್ವನಿಯನ್ನು ಪೂರ್ತಿಯಾಗಿ ಒಯ್ಯುವುದಿಲ್ಲ. ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳೊಳಗಿನ ಭಾಗವನ್ನು ಮಾತ್ರ ಒಯ್ಯುತ್ತದೆ. ಅದನ್ನು ಅಂಕಿಗಳಾಗಿ ಮಾರ್ಪಡಿಸಲು ಸೆಕೆಂಡಿಗೆ 8000 ಸಲ ಅಳೆದು, ಒಂದೊಂದು ಅಳತೆಗೆ ಒಂದೊಂದು ಬೈಟನ್ನು ಮೀಸಲಿಡುವುದು ವಾಡಿಕೆ. ಹೀಗೆ ಲೆಕ್ಕ ಹಾಕಿದರೆ 360 ಕಿಲೋಬೈಟಿನ ಫ್ಲಾಪಿಯಲ್ಲಿ ಹಿಡಿಸುವುದು ಮುಕ್ಕಾಲು ನಿಮಿಷದ ಮಾತು! ಐ.ಬಿ.ಎಂ. ಕಂಪನಿಯವರು 1983ರಲ್ಲಿ ಹೊರತಂದ ಎಕ್ಸ್.ಟಿ. ಗಣಕದ 10 ಮೆಗಾಬೈಟಿನ ಹಾರ್ಡ್ ಡಿಸ್ಕನ್ನು ಬರಿದುಮಾಡಿಕೊಟ್ಟರೂ ಇಪ್ಪತ್ತು ನಿಮಿಷಗಳಷ್ಟೇ. ಆದುದರಿಂದ ಮಾತನ್ನು ಅರ್ಧಕ್ಕಾದರೂ ಕುಗ್ಗಿಸಿಡುವ ಕಾರ್ಡನ್ನು ಆರಿಸಬೇಕಾಗಿತ್ತು. ಅತಿಯಾಗಿ ಕುಗ್ಗಿಸಿದರೆ ಮಾತು ಕೇಳುವವರಿಗೆ ಅಸ್ಪಷ್ಟವಾಗುತ್ತಿತ್ತು.

ಮೋಡೆಮ್ ಇದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮ್ ಮುಂತಾದವು ಗಣಕದ ಸಂಕೇತಗಳನ್ನು ಒಯ್ಯಲು ಹುಟ್ಟಿದವು. ಮಾತಿಗೂ ಅವಕ್ಕೂ ಸಂಬಂಧವಿರಲಿಲ್ಲ. ಎರಡನ್ನೂ ನಡೆಸುವ ಮೋಡೆಮ್‌ಗಳು 1990ರ ದಶಕದಲ್ಲಿ ಬಳಕೆಗೆ ಬಂದವು.

ತಂತಿಯ ಗುಣವನ್ನೂ ನೋಡಬೇಕಾಗಿತ್ತು. ಡಯಲ್ ಮಾಡುವ ಮುನ್ನ ಕೇಳಿಸುವ ನಾದವು ನಮ್ಮ ದೇಶದಲ್ಲಿ 400 ಕಂಪನಗಳದು. ಅಮೆರಿಕದಲ್ಲಾದರೋ 350 ಮತ್ತು 440 ಕಂಪನಗಳ ಎರಡು ನಾದಗಳು ಕೂಡಿರುತ್ತವೆ. ಅಲ್ಲಿಯ ನಾದವನ್ನೇ ನಿರೀಕ್ಷಿಸುವಂತೆ ಮಾಡಿದ ಕಾರ್ಡನ್ನು ಇಲ್ಲಿಗೆ ತಂದರೆ, ತಂತಿಯಲ್ಲಿ ಜೀವವಿದ್ದರೂ ಇಲ್ಲವೆಂದೇ ಅದು ಭಾವಿಸಬಹುದು. ಅಲ್ಲದೆ, ಗುಂಡಿಯೊತ್ತಿ ನಾದದಿಂದ ಅಂಕಿಯನ್ನು ತಿಳಿಸುವ ಕ್ರಮವು ಅಮೆರಿಕದಲ್ಲಿ 1963ರಲ್ಲೇ ಬಂದಿದ್ದರೂ, ನಮ್ಮಲ್ಲಿ ಬೆರಳಿಟ್ಟು ತಿರುಗಿಸುವ ಟೆಲಿಫೋನುಗಳೇ ಬಹುಕಾಲ ಉಳಿದವು. “ಒಂದನ್ನು ಒತ್ತಿರಿ” ಎಂದರೆ ಒತ್ತಲು ಗುಂಡಿಯೆಲ್ಲಿ? ಮಾತನ್ನು ಗುರುತಿಸುವ ಶಕ್ತಿಯು ಇಲ್ಲಿ ವಿಲಾಸವಲ್ಲ, ಅಗತ್ಯವೇ ಆಗಿತ್ತೆಂದು ನಮ್ಮ ಅಭಿಪ್ರಾಯ.

ಆದರೆ ಆ ಶಕ್ತಿಯಲ್ಲಿ ಎರಡು ಬಗೆಗಳಿವೆ. ಕೊಳ್ಳುವವರು ಮುಖ್ಯವಾಗಿ ತಿಳಿಯಬೇಕಾದುದು ಇದನ್ನೇ. ಬೆಲ್ ಪ್ರಯೋಗಶಾಲೆಯವರು 1952ರಲ್ಲಿ ರಚಿಸಿದ ‘ಆಡ್ರಿ’ ಎಂಬ ಯಂತ್ರವು ಅಂಕಿಗಳನ್ನು ಗುರುತಿಸುತ್ತಿತ್ತಾದರೂ ಅದನ್ನು ಒಬ್ಬೊಬ್ಬರ ಧ್ವನಿಗೆ ಹೊಂದಿಸಬೇಕಾಗಿತ್ತು. ಸಣ್ಣ ಗಣಕಗಳ ಅಗ್ಗದ ಕಾರ್ಡುಗಳೂ ಹೆಚ್ಚಾಗಿ ಇದೇ ಜಾತಿಯವು. ಯಜಮಾನನು ಒಂದೊಂದು ಪದವನ್ನೂ ಮುಂಚಿತವಾಗಿ ಹೇಳಿಕೊಡಬೇಕು. ಮುಂದೆ ಅದು ಅದೇ ಧ್ವನಿಯನ್ನು ಹೋಲಿಸಿ ನೋಡುವುದು. ಇದಕ್ಕೆ ಯಾವ ಭಾಷೆಯೂ ಬಾರದಾದುದರಿಂದ ಕನ್ನಡವನ್ನು ಕಲಿಸಿದರೂ ಸಂತೋಷವಾಗಿ ಕಲಿಯುವುದು. ಮೇಜಿನ ಬಳಿ ಕುಳಿತು ಆಜ್ಞೆ ಕೊಡುವವರಿಗೆ ಇದು ಸಾಕು. ಟೆಲಿಫೋನಿನಲ್ಲಿ ಕರೆಯುವ ಅಪರಿಚಿತರಿಗೆ ಮಾತ್ರ ಇದರಿಂದ ಏನೂ ಆಗದು. ಯಾರ ಧ್ವನಿಯನ್ನಾದರೂ ತಿಳಿಯುವ ಎರಡನೆಯ ಬಗೆಗೆ ಗಂಡಸರು, ಹೆಂಗಸರು, ಮಕ್ಕಳು, ಮುದುಕರು, ಹೀಗೆ ಅನೇಕರ ಮಾತಿನ ಸಂಗ್ರಹವು ಬೇಕು. 1997ರ ‘ಡ್ರಾಗನ್ ನ್ಯಾಚುರಲಿಸ್ಪೀಕಿಂಗ್’ ತಡೆಯಿಲ್ಲದ ಇಂಗ್ಲಿಷ್ ಮಾತನ್ನು ಬರೆದುಕೊಳ್ಳುತ್ತಿದ್ದಾಗಲೂ ಕನ್ನಡಿಗರಿಗೆ ಅಂಥ ಅನುಕೂಲವಿರಲಿಲ್ಲ.

ಕನ್ನಡದ ಕಷ್ಟವನ್ನು ಅರಿಯಲು ಆರು, ಮೂರು, ನೂರು ಎಂಬ ಮೂರು ಪದಗಳನ್ನು ಗದ್ದಲದ ತಂತಿಯಲ್ಲಿ ಕೇಳಿದರೆ ಸಾಕು. ಮೊದಲ ಧ್ವನಿಯು ಮಸುಕಾದರೆ ಎಲ್ಲವೂ ಒಂದೇ. ಇನ್ನು ಹೆಸರುಗಳು: ದಾವಣಗೆರೆಯವರ ಮೆಕ್ಕೆಜೋಳವು, ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ಹಾವೇರಿಯ ಕಡೆ ನಡೆದರೆ, ಗೋವಿನಜೋಳವಾಗುತ್ತದೆ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದ ಸಂಶೋಧಕರು ಕೃಷಿ ಪದಾರ್ಥಗಳ ದರವನ್ನೂ ಹವಾಮಾನವನ್ನೂ ಕನ್ನಡದಲ್ಲಿ ಟೆಲಿಫೋನಿನ ಮೂಲಕ ತಿಳಿಸುವ ವ್ಯವಸ್ಥೆಯನ್ನು ರಚಿಸಿ 2017ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಅವರು ನಾನಾ ಪ್ರಾಂತಗಳ ರೈತರ ಮಾತನ್ನೇ ಟೆಲಿಫೋನಿನಲ್ಲಿ ಸಂಗ್ರಹಿಸಿ ಯಂತ್ರಕ್ಕೆ ಕಲಿಸಿದುದು ಬಹಳ ಯುಕ್ತವಾದ ಕ್ರಮವೆಂದು ನಮಗೆ ತೋರುತ್ತದೆ.

ಇಂದಿಗೂ ಇಂಥ ಏರ್ಪಾಡನ್ನು ಕೊಳ್ಳುವವರು ಪರೀಕ್ಷೆಯನ್ನು ಅಂಗಡಿಯ ಮೇಜಿನ ಮೇಲಿನ ಒಳ್ಳೆಯ ಮೈಕಿನಲ್ಲಿ ಮಾಡಬಾರದು. ಮಾರುಕಟ್ಟೆಯ ಗದ್ದಲದಿಂದ, ಸಾಧಾರಣ ಟೆಲಿಫೋನಿನಲ್ಲಿ, ಒಬ್ಬ ಅಜ್ಜಿಯಿಂದಲೂ ಒಬ್ಬ ಹುಡುಗಿಯಿಂದಲೂ ಮಾತನಾಡಿಸಿ ನೋಡಬೇಕು. ಎರಡು ಸಲ ಕೇಳಿಯೂ ಯಂತ್ರಕ್ಕೆ ತಿಳಿಯದಿದ್ದರೆ ಆ ಕರೆಯು ಮನುಷ್ಯರೊಬ್ಬರಿಗೆ ಹೋಗುವಂತೆ ತಂತಿಯನ್ನು ಜೋಡಿಸಿದೆಯೇ ಎಂಬುದನ್ನೂ ಆಗಲೇ ವಿಚಾರಿಸತಕ್ಕದ್ದು.